ತಾಲ್ಲೂಕು ಕಾರ್ಯಕ್ರಮ ವ್ಯವಸ್ಥಾಪಕರ ಕಾರ್ಯ: ಗುರಿ, ಲೆಕ್ಕ ಮತ್ತು ಸಂಘದ ಸಭೆ

(ಸಂಜೀವಿನಿ – ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದಡಿ ಹೊಸದಾಗಿ ಕಾರ್ಯಕ್ಕೆ ಹಾಜರಾದ ತಾಲ್ಲೂಕು ಕಾರ್ಯಕ್ರಮ ವ್ಯವಸ್ಥಾಪಕರು ಹಾಗೂ ವಲಯ ಮೇಲ್ವಿಚಾರಕರಿಗಾಗಿ ಜಿಲ್ಲಾ ಪಂಚಾಯತ್ ಸಭಾಂಗಣದಲ್ಲಿ ಏರ್ಪಡಿಸಿದ್ದ ಮೂರು ದಿನಗಳ ಬುನಾದಿ ತರಬೇತಿಯ ಮೊದಲ ದಿನ ನೀಡಿದ ಉಪನ್ಯಾಸದ ಪಠ್ಯ. ಎಲ್ಲ ತಾಲ್ಲೂಕು ಪಂಚಾಯತ್‌ಗಳ ಮತ್ತು ಗ್ರಾಮ ಪಂಚಾಯತ್ ಮಟ್ಟದ ಒಕ್ಕೂಟಗಳ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ತಮಗೆ ನೀಡಲಾದ ಆದೇಶದ ಪ್ರತಿಯಲ್ಲಿ ಕರ್ತವ್ಯಗಳ ಪಟ್ಟಿಯೊಂದು ಇದೆ. ಸ್ವ-ಸಹಾಯ ಸಂಘಗಳ ರಚನೆ, ಒಕ್ಕೂಟಗಳ ಬಲವರ್ಧನೆ, ಬ್ಯಾಂಕ್ ಸಾಲ ಜೋಡಣೆ, ಜೀವನೋಪಾಯ ಚಟುವಟಿಕೆಗಳ ಉತ್ತೇಜನ, ಇಲಾಖೆಗಳೊಂದಿಗೆ ಸಮನ್ವಯ, ತಂತ್ರಾಂಶದಲ್ಲಿ ದತ್ತಾಂಶ ನಮೂದು, ಹಾಗೂ ಕೊನೆಯಲ್ಲಿ ಎಂದಿನಂತೆ ‘ಮೇಲಧಿಕಾರಿಗಳು ಕಾಲಕಾಲಕ್ಕೆ ಸೂಚಿಸುವ ಇತರ ಕಾರ್ಯಗಳು’. ಅನುಭವದಿಂದ ಹೇಳುವುದಾದರೆ, ಈ ಕೊನೆಯ ಸಾಲೇ ವರ್ಷದ ಅರ್ಧ ದಿನಗಳನ್ನು ನುಂಗುತ್ತದೆ. ಪಟ್ಟಿ ತಪ್ಪಲ್ಲ. ಆದರೆ ಅದನ್ನು ಓದಿ ಮುಗಿಸಿದ ಮೇಲೂ ಸೋಮವಾರ ಬೆಳಿಗ್ಗೆ ಎದ್ದು ಮೊದಲು ಯಾವ ಕೆಲಸಕ್ಕೆ ಕೈ ಹಾಕಬೇಕೆಂಬುದು ತಿಳಿಯುವುದಿಲ್ಲ. ಆದುದರಿಂದ ಪಟ್ಟಿಯ ಪ್ರತಿಯೊಂದು ಅಂಶವನ್ನು ವಿವರಿಸುವ ಬದಲು, ಅವೆಲ್ಲವೂ ಯಾವುದರ ಮೇಲೆ ನಿಂತಿವೆಯೋ ಆ ಒಂದು ವಿಷಯವನ್ನು ಕುರಿತು ಮಾತನಾಡುತ್ತೇನೆ. ಸಂಘದ ಸದಸ್ಯೆ ತನ್ನ ಸಂಘದ ಲೆಕ್ಕವನ್ನು ತಾನು ಬಲ್ಲಳೇ, ಗೊತ್ತಿಲ್ಲದಿದ್ದರೆ ಸಭೆಯಲ್ಲಿ ಎದ್ದು ಕೇಳಬಲ್ಲಳೇ ಎಂಬುದೇ ಆ ವಿಷಯ.

ಇದು ಸಣ್ಣ ಸಂಗತಿಯೆಂದು ತೋರಬಹುದು. ಇದು ಎಲ್ಲಿಂದ ಬಂತೆಂಬುದನ್ನು ತಿಳಿದರೆ ಹಾಗೆ ತೋರದು.

ಸ್ವ-ಸಹಾಯ ಸಂಘವೆಂಬ ಕಲ್ಪನೆಯು ದೆಹಲಿಯಿಂದ ಸುತ್ತೋಲೆಯ ಮೂಲಕ ನಮಗೆ ಬಂದುದಲ್ಲ. ಅದರ ಬೇರು ಕರ್ನಾಟಕದಲ್ಲಿಯೇ ಇದೆ. 1968ರಲ್ಲಿ ಟಿಬೆಟನ್ ನಿರಾಶ್ರಿತರ ಪುನರ್ವಸತಿಗಾಗಿ ಪ್ರಾರಂಭವಾದ ಮೈರಾಡಾ ಸಂಸ್ಥೆಯು ತರುವಾಯ ಗ್ರಾಮೀಣಾಭಿವೃದ್ಧಿಯತ್ತ ತಿರುಗಿ, 1980ರ ದಶಕದಲ್ಲಿ ದೊಡ್ಡ ಸಹಕಾರ ಸಂಘಗಳ ಮೂಲಕ ಸಾಲ ನೀಡುತ್ತಿತ್ತು. ದಶಕದ ಮಧ್ಯಭಾಗದಲ್ಲಿ ಆ ದೊಡ್ಡ ಸಂಘಗಳು ಕುಸಿದವು. ಆಗ ಸದಸ್ಯರಲ್ಲಿ ಕೆಲವರು, ಪಡೆದ ಹಣವನ್ನು ದೊಡ್ಡ ಸಂಘಕ್ಕೆ ಮರಳಿಸಲು ಸಿದ್ಧರಿಲ್ಲದಿದ್ದರೂ, ತಾವು ಪರಸ್ಪರ ಬಲ್ಲ ಹತ್ತಾರು ಜನರ ಚಿಕ್ಕ ಗುಂಪಿಗೆ ಮರಳಿಸಲು ಸಿದ್ಧರಾದರು. ದೊಡ್ಡ ಸಂಘದ ಲೆಕ್ಕ ಯಾರಿಗೂ ಕಾಣುತ್ತಿರಲಿಲ್ಲ. ಚಿಕ್ಕ ಗುಂಪಿನ ಲೆಕ್ಕ ಎಲ್ಲರ ಕಣ್ಣೆದುರಿಗಿತ್ತು ಎಂಬುದು ಇದಕ್ಕೆ ಮುಖ್ಯ ಕಾರಣವೆಂದು ನನ್ನ ತಿಳಿವಳಿಕೆ. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ ಅನುದಾನ ನೀಡಿತು. 1992ರಲ್ಲಿ 500 ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ಅದೇ ನಬಾರ್ಡ್ ದೇಶದಾದ್ಯಂತ ಆರಂಭಿಸಿತು. 2000–01ರಲ್ಲಿ ನಮ್ಮ ರಾಜ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯು ಸ್ತ್ರೀಶಕ್ತಿ ಯೋಜನೆಯನ್ನು ತಂದಿತು. ಇಂದಿಗೂ ನೀವು ಭೇಟಿ ನೀಡುವ ಸಂಘಗಳಲ್ಲಿ ಅನೇಕವು ಅಂದು ಹುಟ್ಟಿದವೇ ಆಗಿರುತ್ತವೆ. ಅಲ್ಲಿನ ಹಿರಿಯ ಸದಸ್ಯೆಯರಿಗೆ ಸಂಘ ನಡೆಸುವ ವಿಷಯದಲ್ಲಿ ನಮಗಿಂತ ಹೆಚ್ಚಿನ ಸೇವಾನುಭವವಿದೆ ಎಂಬುದನ್ನು ಮರೆಯಬಾರದು.

ಇದಕ್ಕೆ ವಿರುದ್ಧವಾದ ಪಾಠವನ್ನು ಕಲಿಸಿದ್ದು ಸ್ವರ್ಣಜಯಂತಿ ಗ್ರಾಮ ಸ್ವರೋಜ್‌ಗಾರ್ ಯೋಜನೆ. 1999ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆ ಯೋಜನೆಯಲ್ಲಿ ಸಂಘದ ಚಟುವಟಿಕೆಗೆ ಯೋಜನಾ ವೆಚ್ಚದ ಶೇಕಡ 50ರಷ್ಟು, ಗರಿಷ್ಠ 1.25 ಲಕ್ಷ ರೂಪಾಯಿವರೆಗೆ ಸಹಾಯಧನ ದೊರೆಯುತ್ತಿತ್ತು. ಉದ್ದೇಶ ಒಳ್ಳೆಯದು. ಆದರೆ ಸಹಾಯಧನಕ್ಕಾಗಿಯೇ ಸಂಘಗಳು ರಚನೆಯಾಗಿ, ಅದು ಕೈಸೇರಿದ ಬಳಿಕ ಸಭೆಗಳು ನಿಂತುಹೋದ ಉದಾಹರಣೆಗಳನ್ನು ಈ ಸಭಾಂಗಣದಲ್ಲಿರುವ ಹಿರಿಯ ಅಧಿಕಾರಿಗಳು ಕಣ್ಣಾರೆ ಕಂಡಿದ್ದಾರೆ. ಪ್ರೊ. ಆರ್. ರಾಧಾಕೃಷ್ಣ ಸಮಿತಿಯು ಈ ಯೋಜನೆಯ ಸಾಲ ಸಂಬಂಧಿ ವಿಷಯಗಳನ್ನು ಪರಿಶೀಲಿಸಿ 2009ರಲ್ಲಿ ವರದಿ ನೀಡಿದ ನಂತರ, 2011ರಲ್ಲಿ ಜೀವನೋಪಾಯ ಅಭಿಯಾನ ರೂಪುಗೊಂಡಿತು. ಇಲ್ಲಿ ಬಂಡವಾಳ ಸಹಾಯಧನವನ್ನು ಕೈಬಿಟ್ಟು ಬಡ್ಡಿ ರಿಯಾಯಿತಿಯನ್ನು ಇಡಲಾಯಿತು. ಸಂಘ ಬಾಳಬೇಕು, ಸಾಲ ಆಮೇಲೆ ಎಂಬ ಕ್ರಮವನ್ನು ಒಪ್ಪಿಕೊಳ್ಳಲಾಯಿತು. ನಾವು ನೀವು ಇರುವುದು ಆ ಕ್ರಮವನ್ನು ಕಾಯುವುದಕ್ಕಾಗಿ.

ಆ ಕ್ರಮವೇ ಪಂಚಸೂತ್ರ: ನಿಯಮಿತ ಸಭೆ, ನಿಯಮಿತ ಉಳಿತಾಯ, ನಿಯಮಿತ ಆಂತರಿಕ ಸಾಲ, ನಿಯಮಿತ ಮರುಪಾವತಿ, ನಿಯಮಿತ ಪುಸ್ತಕ ನಿರ್ವಹಣೆ. ಇವು ಪ್ರತಿ ಒಕ್ಕೂಟದ ಗೋಡೆಯ ಮೇಲೆ ಬರೆದಿರುತ್ತವೆ. ಪ್ರತಿ ಸಭೆಯಲ್ಲಿ ಪ್ರಾರ್ಥನೆಯಂತೆ ಪಠಿಸಲ್ಪಡುತ್ತವೆ. ಪಠಿಸಿದಷ್ಟು ಸುಲಭವಾಗಿ ನಡೆಯುವುದಿಲ್ಲ. ನಾಲ್ಕು ಸೂತ್ರಗಳು ನಿಜವಾಗಿಯೂ ನಡೆದಿವೆಯೇ ಎಂಬುದಕ್ಕೆ ಐದನೆಯದೊಂದೇ ಸಾಕ್ಷಿ. ಭಾರತೀಯ ರಿಸರ್ವ್ ಬ್ಯಾಂಕಿನ ಸೂಚನೆಯನ್ನು ಗಮನಿಸಿ: ಸಂಘವು ಸಾಲಕ್ಕೆ ಅರ್ಹವಾಗಲು ಕನಿಷ್ಠ ಆರು ತಿಂಗಳು ಸಕ್ರಿಯವಾಗಿರಬೇಕು, ಆ ಆರು ತಿಂಗಳನ್ನು ಎಣಿಸಬೇಕಾದುದು ಉಳಿತಾಯ ಖಾತೆ ತೆರೆದ ದಿನಾಂಕದಿಂದಲ್ಲ, ಸಂಘದ ಲೆಕ್ಕಪುಸ್ತಕಗಳ ಪ್ರಕಾರ. ಹಳ್ಳಿಯ ಹೆಣ್ಣುಮಕ್ಕಳು ಬರೆದಿಟ್ಟ ಪುಸ್ತಕವನ್ನು ದೇಶದ ಕೇಂದ್ರ ಬ್ಯಾಂಕು ಪ್ರಮಾಣವೆಂದು ಸ್ವೀಕರಿಸುತ್ತದೆ. ಅದೇ ಪುಸ್ತಕವನ್ನು ಅದರ ಒಡತಿಯರೇ ತೆರೆದು ನೋಡದಿದ್ದರೆ ಈ ಗೌರವಕ್ಕೆ ಏನು ಅರ್ಥ?

ಈಗ ಸ್ವಲ್ಪ ಲೆಕ್ಕ ಮಾಡೋಣ. ದಯವಿಟ್ಟು ಬರೆದುಕೊಳ್ಳಿ.

ಹನ್ನೆರಡು ಸದಸ್ಯೆಯರ ಒಂದು ಸಂಘ ವಾರಕ್ಕೆ ತಲಾ 50 ರೂಪಾಯಿ ಉಳಿಸುತ್ತದೆ ಎನ್ನೋಣ. ಆರು ತಿಂಗಳಲ್ಲಿ, ಅಂದರೆ 26 ವಾರಗಳಲ್ಲಿ, 15,600 ರೂಪಾಯಿ. ಬ್ಯಾಂಕಿನ ಮೊದಲ ಹಂತದ ಸಾಲವು ಸಂಘದ ಒಟ್ಟು ನಿಧಿಯ ಆರು ಪಟ್ಟು ಅಥವಾ ಕನಿಷ್ಠ 1.5 ಲಕ್ಷ, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ಆರು ಪಟ್ಟು ಎಂದರೆ 93,600. ಆದ್ದರಿಂದ ಸಂಘಕ್ಕೆ 1.5 ಲಕ್ಷ ದೊರೆಯುತ್ತದೆ. ಇದು ಸಂತೋಷದ ವಿಷಯವೇ. ಆದರೆ ಹದಿನೈದು ಸಾವಿರ ರೂಪಾಯಿಯನ್ನು ತಮ್ಮೊಳಗೆ ತಿರುಗಿಸಿ ಕಲಿತ ಸಂಘದ ಕೈಗೆ ಒಂದೇ ದಿನ ಅದರ ಹತ್ತು ಪಟ್ಟಿಗೆ ಸಮೀಪವಾದ ಹಣ ಬರುತ್ತದೆ. ಆ ದಿನ ಸಂಘದಲ್ಲಿ ಏನು ನಡೆಯುತ್ತದೆ?

ಬಹುಪಾಲು ಸಂಘಗಳಲ್ಲಿ ಸಮಪಾಲು ನಡೆಯುತ್ತದೆ. ಹನ್ನೆರಡು ಮಂದಿ, ತಲಾ 12,500. ಜಗಳವಿಲ್ಲ, ಮನಸ್ತಾಪವಿಲ್ಲ, ಬ್ಯಾಂಕಿನವರಿಗೂ ಸಮಾಧಾನ, ನಮ್ಮ ವರದಿಗೂ ಶೇಕಡ ನೂರು ಸಾಧನೆ. ಆದರೆ ಒಬ್ಬಾಕೆಗೆ ಬೇಕಾಗಿದ್ದುದು ಎಮ್ಮೆ. ಅದಕ್ಕೆ ಅವಳು ಲೆಕ್ಕ ಹಾಕಿಕೊಂಡಿದ್ದುದು 40,000. 12,500ಕ್ಕೆ ಎಮ್ಮೆ ಬರುವುದಿಲ್ಲ. ಆ ಹಣ ಮನೆಯ ಖರ್ಚಿಗೆ ಕರಗುತ್ತದೆ, ಇಲ್ಲವೇ ಉಳಿದ 27,500ಕ್ಕಾಗಿ ಅವಳು ಬೇರೆಡೆ ಸಾಲ ಮಾಡುತ್ತಾಳೆ. ಅದೇ ಸಂಘದ ಇನ್ನೊಬ್ಬಾಕೆಗೆ ಸದ್ಯಕ್ಕೆ ಸಾಲವೇ ಬೇಕಿರಲಿಲ್ಲ. ‘ಎಲ್ಲರೂ ತಗೊಂಡಾರ, ನಾ ಯಾಕ ಬಿಡ್ಲಿ’ ಎಂದು ತೆಗೆದುಕೊಂಡವಳು ಅದನ್ನು ನೂರಕ್ಕೆ ಮೂರು ರೂಪಾಯಿಯಂತೆ ಊರಲ್ಲಿಯೇ ಬಡ್ಡಿಗೆ ಬಿಡುತ್ತಾಳೆ. ಬಡತನ ನಿವಾರಣೆಗೆಂದು ಬಂದ ಹಣ ಹೊಸದೊಬ್ಬ ಲೇವಾದೇವಿದಾರಳನ್ನು ಸೃಷ್ಟಿಸಿತು. ನಮ್ಮ ನಮೂನೆಯಲ್ಲಿ ಇದಕ್ಕೆ ಪ್ರತ್ಯೇಕ ಕಲಂ ಇಲ್ಲದಿರುವುದರಿಂದ ಇದು ಯಾರ ಗಮನಕ್ಕೂ ಬರುವುದಿಲ್ಲ.

ಇದನ್ನು ತಡೆಯುವ ಸಾಧನ ನಮ್ಮಲ್ಲಿ ಈಗಾಗಲೇ ಇದೆ: ಪ್ರತಿ ಕುಟುಂಬದ ಆದಾಯ, ಖರ್ಚು, ಇರುವ ಸಾಲ, ಬೇಕಾದ ಹಣ ಇವನ್ನು ಸಂಘದ ಸಭೆಯಲ್ಲಿ ಕುಳಿತು ಬರೆದು ತಯಾರಿಸುವ ಸೂಕ್ಷ್ಮ ಸಾಲ ಯೋಜನೆ. ಸರಿಯಾಗಿ ಮಾಡಿದರೆ ಹನ್ನೆರಡು ಜನರ ಸಂಘಕ್ಕೆ ಎರಡು ಮೂರು ಸಭೆಗಳು ಬೇಕು. ಯಾರಿಗೆ ಮೊದಲು, ಯಾರಿಗೆ ಎಷ್ಟು ಎಂಬುದನ್ನು ಅವರೇ ತೀರ್ಮಾನಿಸಬೇಕು. ಎಮ್ಮೆ ಬೇಕಾದವಳಿಗೆ 40,000, ಮುಂಗಾರಿಗೆ ಬೀಜ ಗೊಬ್ಬರ ಬೇಕಾದವಳಿಗೆ 15,000, ಬೇಡವೆಂದವಳಿಗೆ ಈ ಸಲ ಏನೂ ಇಲ್ಲ. ಈ ಮಾತುಕತೆಯಲ್ಲಿ ಧ್ವನಿ ಏರುತ್ತದೆ, ಹಳೆಯ ಕೋಪಗಳು ಹೊರಬರುತ್ತವೆ. ಅದಕ್ಕೆ ಹೆದರಿ ಕಚೇರಿಯಲ್ಲಿ ಕುಳಿತು ಹನ್ನೆರಡು ನಮೂನೆಗಳನ್ನು ಒಂದೇ ಕೈಬರಹದಲ್ಲಿ ಒಂದೇ ಸಂಜೆ ತುಂಬುವ ಪದ್ಧತಿ ಕೆಲವೆಡೆ ಬೆಳೆದಿದೆ. ಅಂತಹ ನಮೂನೆ ಬಂದರೆ ವ್ಯವಸ್ಥಾಪಕರು ಅದನ್ನು ಮರಳಿ ಕಳುಹಿಸತಕ್ಕದ್ದು. ಗುರಿ ಸಾಧನೆ ಹದಿನೈದು ದಿನ ತಡವಾಗಲಿ.

ಹಣದ ವ್ಯತ್ಯಾಸವನ್ನೂ ಇದೇ ಸಂದರ್ಭದಲ್ಲಿ ಸಭೆಯ ಮುಂದೆ ಇಡಬೇಕು. ಊರಿನಲ್ಲಿ ನೂರಕ್ಕೆ ಐದು ರೂಪಾಯಿಯಂತೆ 10,000 ಪಡೆದವಳು ತಿಂಗಳಿಗೆ 500, ವರ್ಷಕ್ಕೆ 6,000 ಬಡ್ಡಿ ಕಟ್ಟುತ್ತಾಳೆ. ಅಸಲು ಹಾಗೆಯೇ ಉಳಿದಿರುತ್ತದೆ. ಸಂಘದಲ್ಲಿ ನೂರಕ್ಕೆ ಒಂದು ರೂಪಾಯಿಯಾದರೆ ವರ್ಷಕ್ಕೆ 1,200, ಅದೂ ಅವಳು ಕೂಡ ಪಾಲುದಾರಳಾದ ಸಂಘಕ್ಕೇ ಸೇರುತ್ತದೆ. ಉಳಿದ 4,800 ರೂಪಾಯಿ ಒಂದು ಮಗುವಿನ ಶಾಲೆಯ ಖರ್ಚಾಗಬಹುದು. ಶೇಕಡಾವಾರು ದರವನ್ನು ಹೇಳಿದರೆ ಸಭೆ ಸುಮ್ಮನಿರುತ್ತದೆ. ತಿಂಗಳಿಗೆ ಐದುನೂರು, ತಿಂಗಳಿಗೆ ನೂರು ಎಂದು ಹೇಳಿದರೆ ಎಲ್ಲರೂ ಮಾತನಾಡುತ್ತಾರೆ.

ಪುಸ್ತಕದ ವಿಷಯಕ್ಕೆ ಬರುತ್ತೇನೆ. ನಡಾವಳಿ ಪುಸ್ತಕ, ನಗದು ಪುಸ್ತಕ, ಉಳಿತಾಯ ಮತ್ತು ಸಾಲದ ಖಾತೆ ಪುಸ್ತಕ, ರಸೀದಿ ಪುಸ್ತಕ, ಸದಸ್ಯರ ಪಾಸ್ ಪುಸ್ತಕ ಇವುಗಳ ನಿರ್ವಹಣೆಯನ್ನು ನಾಳೆ ಮಧ್ಯಾಹ್ನ ಪ್ರತ್ಯೇಕ ಅಧಿವೇಶನದಲ್ಲಿ ಕಲಿಸಲಾಗುತ್ತದೆ. ನಾನು ಹೇಳುವುದು ಒಂದೇ ಪದ್ಧತಿಯನ್ನು. ಸಭೆ ಮುಗಿಯುವ ಮುನ್ನ ಆ ದಿನ ಬರೆದುದನ್ನು ಗಟ್ಟಿಯಾಗಿ ಓದತಕ್ಕದ್ದು: ಯಾರು ಎಷ್ಟು ಕಟ್ಟಿದರು, ಯಾರ ಬಾಕಿ ಎಷ್ಟು, ಪೆಟ್ಟಿಗೆಯಲ್ಲಿ ಎಷ್ಟು, ಬ್ಯಾಂಕಿನಲ್ಲಿ ಎಷ್ಟು.

ಹಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ಒಂದು ಗ್ರಾಮದಲ್ಲಿ ಹೀಗೆ ಓದಿಸಿದಾಗ ನಡೆದುದನ್ನು ಹೇಳುತ್ತೇನೆ. ಪುಸ್ತಕ ಬರೆಯುವ ಹುಡುಗಿ ಹಿಂದಿನ ವಾರಗಳ ಮೊತ್ತವನ್ನೂ ಸೇರಿಸಿ ಓದುತ್ತಿದ್ದಳು. ಮೂಲೆಯಲ್ಲಿ ಕುಳಿತಿದ್ದ, ಹೆಬ್ಬೆಟ್ಟು ಒತ್ತುವ ಒಬ್ಬ ಅಜ್ಜಿ ಕೈಯೆತ್ತಿ, ‘ಅವತ್ತ ನಾ ಮುನ್ನೂರು ಕೊಟ್ಟೀನಿ ಯವ್ವಾ, ನೀ ಇನ್ನೂರು ಅಂತ ಓದಿದಿ. ಶೇಂಗಾ ಮಾರಿದ ವಾರ ಅದು’ ಎಂದರು. ಪ್ರತಿನಿಧಿಗೆ ಸಿಟ್ಟು ಬಂತು. ನನ್ನೊಂದಿಗೆ ಬಂದಿದ್ದ ಅಧಿಕಾರಿಯೊಬ್ಬರು ಗಡಿಯಾರ ನೋಡತೊಡಗಿದರು. ರಸೀದಿ ಪುಸ್ತಕವನ್ನು ತರಿಸಿ, ಪುಟ ತಿರುವಿ, ಆ ವಾರದ ರಸೀದಿಯನ್ನು ಹುಡುಕಲು ಅರ್ಧ ಗಂಟೆ ಹಿಡಿಯಿತು. ರಸೀದಿಯಲ್ಲಿ ಮುನ್ನೂರು ಎಂದೇ ಇತ್ತು. ಖಾತೆಗೆ ಏರಿಸುವಾಗ ಇನ್ನೂರು ಆಗಿತ್ತು. ಅದರಲ್ಲಿ ಮೋಸವೇನೂ ಇರಲಿಲ್ಲ. ನೂರು ರೂಪಾಯಿಗಾಗಿ ಹನ್ನೆರಡು ಜನರ ಅರ್ಧ ಗಂಟೆ ಹೋಯಿತೆಂದು ಆ ಅಧಿಕಾರಿ ಹಿಂದಿರುಗುವಾಗ ಹೇಳಿದರು. ಆದರೆ ಮುಂದಿನ ಸಭೆಗೆ ಹೋದಾಗ, ಅಲ್ಲಿಯವರೆಗೆ ಪ್ರತಿನಿಧಿಯ ಮನೆಯ ಟ್ರಂಕಿನಲ್ಲಿ ಕಟ್ಟಿಟ್ಟಿರುತ್ತಿದ್ದ ಪಾಸ್ ಪುಸ್ತಕಗಳು ಎಲ್ಲ ಸದಸ್ಯೆಯರ ತೊಡೆಯ ಮೇಲಿದ್ದವು. ಓದು ಬಾರದವರೂ ತಮ್ಮ ಪುಸ್ತಕವನ್ನು ಪಕ್ಕದವಳಿಗೆ ತೋರಿಸಿ ಕೇಳಿಕೊಳ್ಳುತ್ತಿದ್ದರು. ಆ ಸಂಘಕ್ಕೆ ನಮ್ಮ ಭೇಟಿಯ ಅಗತ್ಯ ಅಲ್ಲಿಂದ ಮುಂದೆ ಕಡಿಮೆಯಾಗುತ್ತ ಹೋಯಿತು. ನಮ್ಮ ಕೆಲಸದಲ್ಲಿ ಸಾಧನೆ ಎನ್ನಬಹುದಾದುದು ಏನಾದರೂ ಇದ್ದರೆ ಅದು ಇಂತಹದು. ಯಾವ ಮಾಸಿಕ ವರದಿಯಲ್ಲಿಯೂ ಇದಕ್ಕೆ ಅಂಕ ದೊರೆಯದು.

ಲೋಕೋಸ್ ತಂತ್ರಾಂಶದಲ್ಲಿ ನಮೂದು ಮಾಡುವುದು ಕಡ್ಡಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಂತ್ರಾಂಶಕ್ಕೆ ಹೋಗುವ ಅಂಕಿ ಸಭೆಯಲ್ಲಿ ಓದಿ ಒಪ್ಪಿದ ಪುಸ್ತಕದಿಂದ ಹೋಗಬೇಕು. ಮೊಬೈಲಿನಲ್ಲಿ ಮೊದಲು ಬರೆದು, ಪುಸ್ತಕವನ್ನು ಬಿಡುವಾದಾಗ ತುಂಬಿಸಿಕೊಳ್ಳುವ ಪದ್ಧತಿ ಬಂದರೆ ಸದಸ್ಯೆಯ ಕಣ್ಣಿಗೆ ಲೆಕ್ಕ ಮತ್ತೆ ಮರೆಯಾಗುತ್ತದೆ.

ಇನ್ನು ಮೈಕ್ರೋ ಫೈನಾನ್ಸ್ ಸಾಲಗಳ ವಿಷಯ. ಈ ಬಗ್ಗೆ ಜಿಲ್ಲೆಯ ಎಲ್ಲ ತಾಲ್ಲೂಕುಗಳಿಂದಲೂ ಪ್ರಶ್ನೆಗಳು ಬಂದಿವೆ. ಖಾಸಗಿ ಕಂಪನಿಗಳು ಐದು ಹತ್ತು ಜನರ ಗುಂಪು ಮಾಡಿ ಸಾಲ ಕೊಟ್ಟು ವಾರದ ಕಂತು ಎತ್ತುತ್ತವೆ. ನಮ್ಮ ಹಳ್ಳಿಗಳಲ್ಲಿ ಅದಕ್ಕೂ ‘ಸಂಘ’ ಎಂದೇ ಹೆಸರು. ‘ಇವತ್ತು ಸಂಘದ ಕಂತು ಐತಿ’ ಎಂದು ಒಬ್ಬ ಹೆಣ್ಣುಮಗಳು ಹೇಳಿದರೆ, ಅದು ಅವಳದೇ ಉಳಿತಾಯದ ಸಂಘವೋ ಕಂಪನಿಯ ಗುಂಪೋ ಎಂಬುದು ಮರುಪ್ರಶ್ನೆ ಕೇಳದೆ ತಿಳಿಯುವುದಿಲ್ಲ. ಈ ಹೆಸರಿನ ಗೊಂದಲ ನಮಗೆ ಬಹಳ ಹಾನಿ ಮಾಡಿದೆ. ಕಂಪನಿಯ ಗುಂಪಿನಲ್ಲಿ ಅವಮಾನ ಅನುಭವಿಸಿದವಳು ನಮ್ಮ ಸಂಘದ ಹೆಸರು ಕೇಳಿದರೂ ಬಾಗಿಲು ಹಾಕಿಕೊಳ್ಳುತ್ತಾಳೆ. ಒಂದು ಕಂತು ಕಟ್ಟಲು ಇನ್ನೊಂದು ಕಂಪನಿಯಿಂದ, ಅದನ್ನು ಕಟ್ಟಲು ಮತ್ತೊಂದರಿಂದ ಸಾಲ ಪಡೆದು, ಕೊನೆಗೆ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳನ್ನು ನೀವೂ ಕಾಣುವಿರಿ. ಗುಳೆ ಹೋದವರಲ್ಲಿ ಬರಗಾಲದಿಂದ ಹೋದವರೆಷ್ಟು, ಕಂತಿಗೆ ಹೆದರಿ ಹೋದವರೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟವಾಗಿದೆ.

ಸರ್ಕಾರವು 2025ರ ಫೆಬ್ರುವರಿಯಲ್ಲಿ ಕಿರು ಸಾಲ ಮತ್ತು ಸಣ್ಣ ಸಾಲಗಳ ವಸೂಲಾತಿಯಲ್ಲಿ ಬಲವಂತದ ಕ್ರಮಗಳನ್ನು ಪ್ರತಿಬಂಧಿಸುವ ಅಧ್ಯಾದೇಶವನ್ನು ಹೊರಡಿಸಿತು. ಅದರಲ್ಲಿ 10 ವರ್ಷಗಳವರೆಗೆ ಸೆರೆವಾಸ ಹಾಗೂ 5 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶ ಕಲ್ಪಿಸಲಾಯಿತು. ಮನೆಯ ಮುಂದೆ ನಿಂತು ಬೈಯುವುದನ್ನು, ಬೆದರಿಸುವುದನ್ನು ತಡೆಯಲು ಕಾನೂನು ಬೇಕಾಗಿತ್ತು. ಆದರೆ ಮಗಳ ಹೆರಿಗೆಗೆ ನಾಳೆ ಬೆಳಿಗ್ಗೆ 20,000 ಬೇಕಾದವಳಿಗೆ ಕಾನೂನು ಹಣ ಕೊಡುವುದಿಲ್ಲ. ಅವಳ ಸಂಘದ ಪೆಟ್ಟಿಗೆ ಕೊಡಬೇಕು, ಇಲ್ಲವೇ ಒಕ್ಕೂಟದ ಸಮುದಾಯ ಬಂಡವಾಳ ನಿಧಿ ಕೊಡಬೇಕು. ಒಕ್ಕೂಟದ ಖಾತೆಯಲ್ಲಿ ಲಕ್ಷಗಟ್ಟಲೆ ರೂಪಾಯಿ ಖರ್ಚಾಗದೆ ಉಳಿದು, ಅದೇ ಪಂಚಾಯತ್ ವ್ಯಾಪ್ತಿಯ ಹೆಣ್ಣುಮಕ್ಕಳು ಕಂಪನಿಯ ಮೇಜಿನ ಮುಂದೆ ಸಾಲುಗಟ್ಟಿ ನಿಂತಿದ್ದರೆ, ಆ ನಿಧಿ ಇದ್ದೂ ಇಲ್ಲದಂತೆಯೇ. ಆದುದರಿಂದ ಪ್ರತಿ ಸಂಘದಲ್ಲಿ, ಸದಸ್ಯೆಗೆ ಸಂಘದ ಹೊರಗೆ ಇರುವ ಸಾಲವೆಷ್ಟು ಎಂಬುದನ್ನು ಕೇಳಿ ಬರೆಯಿರಿ. ಹತ್ತು ಜನರ ಮುಂದೆ ಹೇಳಲು ಅವರು ನಾಚುತ್ತಾರೆ. ಮುಖ್ಯ ಪುಸ್ತಕ ಬರಹಗಾರರು ಇಲ್ಲವೇ ಸ್ಥಳೀಯ ಸಂಪನ್ಮೂಲ ವ್ಯಕ್ತಿ ಮನೆಗೆ ಹೋಗಿ, ಕುಳಿತು, ಬೇರೆ ಮಾತಿನ ನಡುವೆ ಕೇಳಿದರೆ ಹೇಳುತ್ತಾರೆ.

ಬ್ಯಾಂಕಿನ ಸಹೋದರರು ಇಲ್ಲಿದ್ದಾರೆ. ಅವರ ಎದುರಿಗೇ ಒಂದು ಮಾತು. 10 ಲಕ್ಷ ರೂಪಾಯಿವರೆಗಿನ ಸಂಘದ ಸಾಲಕ್ಕೆ ಭದ್ರತೆ ಕೇಳುವಂತಿಲ್ಲ, ಉಳಿತಾಯ ಖಾತೆಯ ಹಣವನ್ನು ತಡೆಹಿಡಿಯುವಂತಿಲ್ಲ, ಠೇವಣಿ ಇಡಿ ಎಂದು ಒತ್ತಾಯಿಸುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ಸ್ಪಷ್ಟ ಸೂಚನೆ. ಇದನ್ನು ಒಕ್ಕೂಟದ ಪದಾಧಿಕಾರಿಗಳಿಗೆ ಕನ್ನಡದಲ್ಲಿ ಮುದ್ರಿಸಿ ಕೊಟ್ಟರೆ ವ್ಯವಸ್ಥಾಪಕರು ಪ್ರತಿ ಶಾಖೆಗೂ ಓಡಾಡುವುದು ತಪ್ಪುತ್ತದೆ. ಹಾಗೆಯೇ ಕಂತು ಬಾಕಿ ಉಳಿಸಿಕೊಂಡ ಸಂಘಗಳ ಪಟ್ಟಿ ಬ್ಯಾಂಕಿನಿಂದ ಬಂದ ದಿನ ಅದನ್ನು ಬಚ್ಚಿಡದೆ ಒಕ್ಕೂಟದ ಸಭೆಯಲ್ಲಿ ಓದಬೇಕು. ಹಕ್ಕನ್ನು ಕೇಳುವವರು ಬಾಕಿಯನ್ನೂ ಕೇಳಿಸಿಕೊಳ್ಳಬೇಕಾಗುತ್ತದೆ.

ಗುರಿಗಳ ಬಗ್ಗೆ. ಮಾರ್ಚ್ 31 ಸಮೀಪಿಸಿದಾಗ ‘ಇಂದು ಸಂಜೆ 5 ಗಂಟೆಯೊಳಗೆ’ ಎಂಬ ಸಂದೇಶಗಳು ವಾಟ್ಸಾಪ್‌ನಲ್ಲಿ ಬರುತ್ತವೆ. ಇಲ್ಲಿ ಕುಳಿತಿರುವ ನಮ್ಮಲ್ಲಿ ಕೆಲವರು ಅಂತಹ ಸಂದೇಶಗಳನ್ನು ಕಳುಹಿಸುವವರೂ ಹೌದು. ಗುರಿ ಇರಬಾರದೆಂದು ನಾನು ಹೇಳುತ್ತಿಲ್ಲ. ಗುರಿಯಿಲ್ಲದಿದ್ದರೆ ದೂರದ ತಾಂಡಾಗಳಿಗೆ, ಊರಾಚೆಯ ಕೇರಿಗಳಿಗೆ ಯಾರೂ ಹೋಗುತ್ತಿರಲಿಲ್ಲ. ಆದರೆ ಸತ್ತ ಸಂಘವನ್ನು ಜೀವಂತವೆಂದು ತೋರಿಸಿದರೆ ಅದರ ಹೆಸರಿನಲ್ಲಿ ಬರುವ ಸುತ್ತುನಿಧಿಗೆ ಮುಂದೆ ಲೆಕ್ಕ ಕೊಡಬೇಕಾದವರು ಅಲ್ಲಿನ ಹೆಣ್ಣುಮಕ್ಕಳೇ. ನಿಷ್ಕ್ರಿಯವಾದುದನ್ನು ನಿಷ್ಕ್ರಿಯವೆಂದೇ ಬರೆಯಿರಿ, ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯಿರಿ: ಸದಸ್ಯೆಯರು ಗುಳೆ ಹೋಗಿದ್ದಾರೆ, ಪ್ರತಿನಿಧಿ ಹತ್ತು ವರ್ಷದಿಂದ ಬದಲಾಗಿಲ್ಲ, ಪುಸ್ತಕ ಪ್ರತಿನಿಧಿಯ ಗಂಡನ ಬಳಿ ಇದೆ, ಹೀಗೆ. ನಮ್ಮಲ್ಲಿ ಬಹುಮಂದಿ ಗುತ್ತಿಗೆ ನೌಕರರು. ಅಂಕಿ ಕಡಿಮೆಯಾದರೆ ಮುಂದಿನ ವರ್ಷ ನವೀಕರಣ ಏನಾಗುವುದೋ ಎಂಬ ಭಯ ನನಗೆ ಅರ್ಥವಾಗುತ್ತದೆ. ಆದುದರಿಂದಲೇ ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಲ್ಲಿ ಈ ವೇದಿಕೆಯಿಂದಲೇ ಒಂದು ವಿನಂತಿ: ಪ್ರಗತಿ ಪರಿಶೀಲನೆಯಲ್ಲಿ ಕಡಿಮೆ ಅಂಕಿಯನ್ನು ಕಾರಣ ಸಹಿತ ತಂದವರನ್ನು ನಿಲ್ಲಿಸಿ ಪ್ರಶ್ನಿಸುವ ಮೊದಲು ಆ ಕಾರಣವನ್ನು ಓದಬೇಕು.

ಸಭೆಯ ಸಮಯ ಮತ್ತು ಸ್ಥಳ ನಮ್ಮ ಅನುಕೂಲಕ್ಕಲ್ಲ. ಬೆಳಿಗ್ಗೆ 11 ಗಂಟೆಗೆ ಸಭೆ ಕರೆದರೆ ಬರುವವರು ಕೂಲಿಗೆ ಹೋಗದವರು ಮಾತ್ರ; ಕೂಲಿ ಬಿಟ್ಟು ಬಂದವಳಿಗೆ ನಮ್ಮ ಸಭೆ ಒಂದು ದಿನದ ಸಂಬಳದ ಬೆಲೆಯದು. ರಾತ್ರಿ 8 ಗಂಟೆಗೆ ರೊಟ್ಟಿ ಬಡಿದು ಮುಗಿಸಿದ ಮೇಲೆ ಎಂದರೆ ಆಗಲೇ ಹೋಗಬೇಕು. ಮಹಿಳಾ ಸಿಬ್ಬಂದಿಗೆ ಅದಕ್ಕೆ ವಾಹನದ ವ್ಯವಸ್ಥೆ ಮಾಡುವುದು ತಾಲ್ಲೂಕು ಪಂಚಾಯತ್‌ನ ಹೊಣೆ. ಗುಡಿಯ ಕಟ್ಟೆಯ ಮೇಲೆ ಸಭೆ ಇಟ್ಟರೆ ಕೆಲವರು ಕೆಳಗೆ ನಿಲ್ಲುತ್ತಾರೆ. ಯಾಕೆ ನಿಂತರೆಂದು ಅಲ್ಲಿ ಕೇಳಿ ಅವರನ್ನು ಮುಜುಗರಕ್ಕೆ ಒಳಪಡಿಸದೆ, ಮುಂದಿನ ಸಭೆಯನ್ನು ಅಂಗನವಾಡಿಗೋ ಶಾಲೆಗೋ ಬದಲಿಸಿ. ಕುರ್ಚಿ ತಂದುಕೊಟ್ಟರೆ ಬೇಡವೆಂದು ಚಾಪೆಯ ಮೇಲೆ ಕುಳಿತುಕೊಳ್ಳಿ. ವಯಸ್ಸಿನಲ್ಲಿ ಕಿರಿಯಳಾದರೂ ಅಕ್ಕ ಎಂದು, ಬಹುವಚನದಲ್ಲಿಯೇ ಮಾತನಾಡಿಸಿ.

ಕೃಷಿ ಸಖಿ, ಪಶು ಸಖಿ, ಬಿ.ಸಿ. ಸಖಿ, ಮುಖ್ಯ ಪುಸ್ತಕ ಬರಹಗಾರರು ಇವರೆಲ್ಲ ಅಲ್ಪ ಗೌರವಧನಕ್ಕೆ ದುಡಿಯುವವರು. ಅವರ ಗೌರವಧನದ ಬಿಲ್ಲು ನಿಮ್ಮ ಮೇಜಿನ ಮೇಲೆ ಒಂದು ದಿನವೂ ಹೆಚ್ಚಾಗಿ ಉಳಿಯಬಾರದು. ಹಳ್ಳಿಯಲ್ಲಿ ನಡೆಯುವುದೆಲ್ಲ ಅವರಿಗೆ ನಮಗಿಂತ ಮೊದಲೇ ತಿಳಿದಿರುತ್ತದೆ. ಕೇಳಿದರೆ ಹೇಳುತ್ತಾರೆ, ಗದರಿದರೆ ಹೇಳುವುದಿಲ್ಲ.

ಗ್ರಾಮ ಪಂಚಾಯತ್‌ನೊಂದಿಗಿನ ಸಂಬಂಧವನ್ನು ಸಂಕ್ಷಿಪ್ತವಾಗಿ ಹೇಳುತ್ತೇನೆ. 2018ರಿಂದ ಅಕ್ಟೋಬರ್ 2ರಂದು ಆರಂಭವಾಗುವ ಜನ ಯೋಜನಾ ಅಭಿಯಾನದಲ್ಲಿ ಸಂಘಗಳು ತಯಾರಿಸುವ ಗ್ರಾಮ ಬಡತನ ನಿವಾರಣಾ ಯೋಜನೆಯನ್ನು ಪಂಚಾಯತ್ ಅಭಿವೃದ್ಧಿ ಯೋಜನೆಯೊಂದಿಗೆ ಸೇರಿಸಬೇಕಾಗಿದೆ. ಬೇಡಿಕೆ ಪಟ್ಟಿಯನ್ನು ಅಭಿವೃದ್ಧಿ ಅಧಿಕಾರಿಯ ಕೈಗಿತ್ತು ಸಹಿ ಪಡೆದರೆ ಕೆಲಸ ಮುಗಿಯದು; ಗ್ರಾಮಸಭೆಯಲ್ಲಿ ಅದನ್ನು ಒಕ್ಕೂಟದ ಅಧ್ಯಕ್ಷೆಯೇ ನಿಂತು ಓದಬೇಕು. ಸಂಘದಲ್ಲಿ ಲೆಕ್ಕ ಓದಿ ಅಭ್ಯಾಸವಾದವರಿಗೆ ಗ್ರಾಮಸಭೆಯ ಮೈಕು ಅಷ್ಟು ಭಯ ಹುಟ್ಟಿಸುವುದಿಲ್ಲ. ಕಸ ಸಂಗ್ರಹದ ವಾಹನವನ್ನು ನಡೆಸುತ್ತಿರುವ, ಕೂಸಿನ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿರುವ ನಮ್ಮ ಸಂಘಗಳ ಸದಸ್ಯೆಯರು ತಮ್ಮ ಗೌರವಧನ ಯಾವ ಖಾತೆಯಿಂದ, ಯಾವ ತಿಂಗಳದ್ದು ಬಾಕಿ ಎಂದು ಅಲ್ಲಿ ಕೇಳಲಾರಂಭಿಸಿದ್ದಾರೆ. ಕೆಲವು ಪಂಚಾಯತ್‌ಗಳಿಗೆ ಇದು ಇಷ್ಟವಾಗಿಲ್ಲ. ಆ ದೂರುಗಳು ನಿಮ್ಮ ಬಳಿಗೂ ಬರುತ್ತವೆ. ಬಂದಾಗ ಸದಸ್ಯೆಯರನ್ನು ಸುಮ್ಮನಾಗಿಸುವ ಮಧ್ಯಸ್ಥಿಕೆಗೆ ಹೋಗಬೇಡಿ. ಅವರು ಕೇಳಿದ ಲೆಕ್ಕವನ್ನು ಒದಗಿಸುವಂತೆ ಪಂಚಾಯತ್‌ಗೆ ಬರೆಯಿರಿ.

ನಾಳೆ ಬೆಳಿಗ್ಗೆ 7 ಗಂಟೆಗೆ ಕ್ಷೇತ್ರ ಭೇಟಿಗೆ ವಾಹನಗಳು ಹೊರಡುತ್ತವೆ. ಐದೈದು ಜನರ ತಂಡಕ್ಕೆ ಒಂದೊಂದು ಸಂಘ. ಸಂಘದವರಿಗೆ ಭಾಷಣ ಮಾಡಬೇಡಿ, ಹಾರ ಶಾಲುಗಳನ್ನು ಸ್ವೀಕರಿಸಬೇಡಿ. ಅದಕ್ಕೆ ಅವರ ನಿಧಿಯಿಂದ ಖರ್ಚು ಮಾಡದಂತೆ ಮೊದಲೇ ತಿಳಿಸಲಾಗಿದೆ. ಸಭೆ ನಡೆಯುವುದನ್ನು ನೋಡಿ. ಪುಸ್ತಕ ಯಾರ ಕೈಯಲ್ಲಿದೆ, ಬರೆಯುವವರು ಯಾರು, ಓದಿದಾಗ ಕೇಳಿಸಿಕೊಳ್ಳುತ್ತಿರುವವರು ಯಾರು, ಒಮ್ಮೆಯೂ ಬಾಯಿ ತೆರೆಯದವರು ಯಾರು ಎಂಬುದನ್ನು ಗುರುತು ಹಾಕಿಕೊಳ್ಳಿ. ಕೊನೆಯಲ್ಲಿ ಆ ಬಾಯಿ ತೆರೆಯದವರ ಪಕ್ಕದಲ್ಲಿ ಕುಳಿತು, ‘ಅಕ್ಕಾ, ನಿಮ್ಮ ಉಳಿತಾಯ ಈವರೆಗೆ ಎಷ್ಟಾಗಿದೆ?’ ಎಂಬ ಒಂದು ಪ್ರಶ್ನೆಯನ್ನು ಮಾತ್ರ ಕೇಳಿ, ಅವರು ಹೇಳಿದ ಮೊತ್ತವನ್ನೂ ಪುಸ್ತಕದಲ್ಲಿರುವ ಮೊತ್ತವನ್ನೂ ಬರೆದುಕೊಂಡು ಬನ್ನಿ. ಮಧ್ಯಾಹ್ನದ ಅಧಿವೇಶನವನ್ನು ಆ ಎರಡು ಅಂಕಿಗಳಿಂದಲೇ ಪ್ರಾರಂಭಿಸೋಣ.